ಎರೆ ಮಣ್ಣಿನ ಮೇಲೆ ಹೊಸ ಮನೆ: ಕಲಬುರಗಿಯಲ್ಲಿ ಕಟ್ಟಿದ ಮನೆ ಕೊಂಡ ಅನುಭವ

ಕಲಬುರಗಿಯಲ್ಲಿ ಸ್ವಂತ ಮನೆ ಮಾಡಿಕೊಳ್ಳಲು ದಾರಿ ಮೂರು. ಎನ್‌ಎ (ಕೃಷಿಯೇತರ) ಪ್ಲಾಟು ಕೊಂಡು ಗೌಂಡಿ ಹಿಡಿದು ಕಟ್ಟಿಸುವುದು ಒಂದು. ಶಹಾಬಜಾರ್, ಬ್ರಹ್ಮಪುರದಂಥ ಹಳೇ ಓಣಿಯಲ್ಲಿ ಇದ್ದ ಮನೆ ಕೊಳ್ಳುವುದು ಇನ್ನೊಂದು. ಮೂರನೆಯದು, ರಿಂಗ್ ರೋಡಿನ ಆಚೀಚೆ ಯಾರಾದರೂ ಕಟ್ಟಿ ಮಾರಲು ಇಟ್ಟ ಹೊಸ ಮನೆ. ನಾವು ಹಿಡಿದದ್ದು ಮೂರನೆಯ ದಾರಿ. ನೋಂದಣಿ ಮುಗಿದಿದೆ, ಖಾತೆ ಹೆಸರಿಗೆ ಬಂದಿದೆ, ಸಾಮಾನು ಸಾಗಿಸಿ ಆಗಿದೆ. ಎಲ್ಲಿ ಎಷ್ಟು ಕಾದೆವು, ಯಾವ ಕಾಗದಕ್ಕೆ ಸಿಕ್ಕಿಬಿದ್ದೆವು ಎಂಬುದು ಇನ್ನೂ ಮನಸ್ಸಿನಲ್ಲಿರುವಾಗಲೇ ಬರೆದಿಡುತ್ತಿದ್ದೇನೆ.

ಹಳೇ ಮನೆ ಬೇಡವೆಂದದ್ದು ಗೋಡೆ ನೋಡಿಯಲ್ಲ, ಕಾಗದ ನೋಡಿ. ಹಳೇ ಊರಿನ ಮನೆಗಳ ಮೂಲಪತ್ರ ಹಿಡಿದು ಹಿಂದಕ್ಕೆ ಹೋದರೆ ನಿಜಾಮರ ಕಾಲದ ಉರ್ದು ದಸ್ತಾವೇಜು ಬರುತ್ತವೆ. ಅವನ್ನು ಓದಿಸಿ ಅನುವಾದ ಮಾಡಿಸಬೇಕು, ವಂಶಾವಳಿ ತೆಗೆಸಬೇಕು, ಮುಂಬೈ, ಪುಣೆ, ಹೈದರಾಬಾದಿಗೆ ಚದುರಿಹೋದ ಅಣ್ಣತಮ್ಮಂದಿರು, ಅಕ್ಕತಂಗಿಯರ ಸಹಿ ಕೂಡಿಸಬೇಕು. ಹೊಸ ಬಡಾವಣೆಯ ಕಾಗದದ ಸರಪಳಿ ಗಿಡ್ಡ: ಪಹಣಿ, ಎನ್‌ಎ ಆದೇಶ, ಲೇಔಟ್ ನಕ್ಷೆ, ಪ್ಲಾಟಿನ ಖರೀದಿ ಪತ್ರ, ಕಟ್ಟಡ ಪರವಾನಿಗೆ. ಅದಕ್ಕಿಂತ ದೊಡ್ಡ ಲಾಭ ಇನ್ನೊಂದಿದೆ. ಹೊಸ ಮನೆಯನ್ನು ಕಟ್ಟಿದವರು ಊರಲ್ಲೇ ಸಿಗುತ್ತಾರೆ, ಗೌಂಡಿ ಪಕ್ಕದ ಪ್ಲಾಟಿನಲ್ಲೇ ಕೆಲಸ ಮಾಡುತ್ತಿರುತ್ತಾರೆ, ಹಣ ಇನ್ನೂ ಕೊಳ್ಳುವವರ ಕೈಯಲ್ಲಿರುತ್ತದೆ. ಕೇಳಿದ್ದಕ್ಕೆಲ್ಲ ಉತ್ತರ ಸಿಗುವ ಕಾಲ ಅದೊಂದೇ. ಕೇಳಬೇಕಾದದ್ದು ಏನೆಂದು ಗೊತ್ತಿರಬೇಕು ಅಷ್ಟೆ.

ಮೊದಲು ಪಾಯದ ಮಾತು. ನಮ್ಮ ಕಡೆಯ ಎರೆ ಮಣ್ಣು ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಬಿರಿಯುತ್ತದೆ. ಮೊನ್ನೆ ಮೊನ್ನೆಯವರೆಗೆ ತೊಗರಿ ಬೆಳೆದ ಹೊಲವೇ ಇವತ್ತಿನ ಲೇಔಟು. ಮನೆ ಕಟ್ಟಿದ ಮಾತ್ರಕ್ಕೆ ಮಣ್ಣು ತನ್ನ ಗುಣ ಬಿಡುವುದಿಲ್ಲ. ಈ ಉಬ್ಬು ತಗ್ಗು ಮೇಲಿನ ಮೂರೂವರೆ ಮೀಟರ್ ಆಳದವರೆಗೂ ನಡೆಯಬಹುದು ಎಂಬುದು ಎಂಜಿನಿಯರುಗಳ ಲೆಕ್ಕ. ಹಾಗಾಗಿ ಪಾಯ ಗಟ್ಟಿ ಗರಸೋ (ಕಲ್ಲುಪುಡಿ ಬೆರೆತ ಗಟ್ಟಿ ಮಣ್ಣು) ಬಂಡೆಯೋ ಹತ್ತುವವರೆಗೆ ಇಳಿದಿರಬೇಕು. ಗಟ್ಟಿ ಪದರ ಬಹಳ ಕೆಳಗಿದ್ದರೆ ಅಂಡರ್‌ರೀಮ್ಡ್ ಪೈಲ್, ಅಂದರೆ ತಳದಲ್ಲಿ ಉಬ್ಬಿರುವ ಕಾಂಕ್ರೀಟ್ ಕಂಬ ಹಾಕಿ, ಮೇಲೆ ಪ್ಲಿಂತ್ ಬೀಮ್ (ನೆಲಮಟ್ಟದ ಕಾಂಕ್ರೀಟ್ ತೊಲೆ) ಕಟ್ಟಿರಬೇಕು. ನಾಲ್ಕು ಫೂಟು ತೆಗೆದು, ಕಲ್ಲು ಜೋಡಿಸಿ, ಮೇಲೆ ಗೋಡೆ ಎಬ್ಬಿಸಿದ ಮನೆಗಳೂ ಮಾರಾಟಕ್ಕೆ ಇವೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ.

ಮುಚ್ಚಿಹೋದ ಪಾಯ ನೋಡುವುದು ಹೇಗೆ? ಕಟ್ಟಿದವರ ಮೊಬೈಲಿನಲ್ಲಿ ಗುಂಡಿ ತೆಗೆದಾಗಿನ ಫೋಟೊ ಇದ್ದೇ ಇರುತ್ತದೆ, ಕೇಳಿ. ಅದೇ ಸಾಲಿನಲ್ಲಿ ಈಗ ಅಗೆಯುತ್ತಿರುವ ಪ್ಲಾಟಿದ್ದರೆ ಗುಂಡಿಯ ಅಂಚು ನೋಡಿ. ಕರಿ ಮಣ್ಣು ಎಲ್ಲಿಗೆ ಮುಗಿದು ಗರಸು ಎಲ್ಲಿ ಶುರುವಾಗುತ್ತದೆ ಎಂಬುದು ಗೆರೆ ಎಳೆದಂತೆ ಕಾಣುತ್ತದೆ. ಮಾಲೀಕರಿಲ್ಲದಾಗ ಗೌಂಡಿಯನ್ನು ಮಾತಾಡಿಸುವುದು ಎಲ್ಲಕ್ಕಿಂತ ಉಪಯೋಗ.

“ಪಾಯಾ ಎಷ್ಟ ಆಳ ತೆಗದೀರಿ ಅಣ್ಣಾ?”

“ಗಟ್ಟಿ ಹತ್ತೋ ತನಕಾ ತೆಗದೀವ್ರಿ, ಏಳ್ ಫೂಟ್ ಆಗ್ಯಾದ.”

“ಒಳಗ ತುಂಬಿದ್ದ್ ಏನದರಿ?”

ಈ ಎರಡನೆಯ ಪ್ರಶ್ನೆ ಬಹಳ ಜನ ಕೇಳುವುದಿಲ್ಲ. ಪ್ಲಿಂತಿನ ಒಳಗೆ, ಫ್ಲೋರಿಂಗಿನ ಕೆಳಗೆ ಗರಸು ತುಂಬಿ, ನೀರು ಹೊಡೆದು, ಪದರ ಪದರವಾಗಿ ದಮ್ಮಸು ಮಾಡಿರಬೇಕು. ಗರಸಿಗೆ ಟಿಪ್ಪರ್ ಲೆಕ್ಕದಲ್ಲಿ ದುಡ್ಡು; ಗುಂಡಿಯಿಂದ ಬಂದ ಕರಿ ಮಣ್ಣು ಪುಕ್ಕಟೆ. ಅದನ್ನೇ ವಾಪಸ್ ತುಂಬಿದರೆ ಮೊದಲ ಜೋರು ಮಳೆಗೆ ನೆಲ ಮೇಲಕ್ಕೆ ಏಳುತ್ತದೆ, ಟೈಲ್ಸ್ ನಡುವೆ ಡೊಂಕಾಗುತ್ತವೆ, ಬಾಗಿಲು ಚೌಕಟ್ಟಿಗೆ ಹಿಡಿಯುತ್ತದೆ. ಪಾಯ ಎಷ್ಟೇ ಗಟ್ಟಿ ಇದ್ದರೂ ಇದು ತಪ್ಪುವುದಿಲ್ಲ.

ಬಿರುಕು ಓದುವುದನ್ನೂ ಕಲಿಯಬೇಕು. ಗಿಲಾವಿನ ಮೇಲೆ ಜೇಡರ ಬಲೆಯಂತೆ ಹರಡಿದ ಕೂದಲೆಳೆ ಬಿರುಕಿಗೆ ಹೆದರಬೇಕಿಲ್ಲ. ಸಿಮೆಂಟು ಬೇಗ ಒಣಗಿದ್ದಕ್ಕೆ ಬಂದದ್ದು ಅದು. ಬೀಮಿನ ಕೆಳಗೆ, ಕಾಲಮ್ಮಿನ ಪಕ್ಕ ನೆಟ್ಟಗೆ ಗೆರೆ ಹೊಡೆದಂತೆ ಇದ್ದರೆ ಕಾಂಕ್ರೀಟು ಮತ್ತು ಇಟ್ಟಂಗಿ ಕೂಡುವಲ್ಲಿ ಜಾಳಿಗೆ ಬಡಿದಿಲ್ಲ ಎಂದರ್ಥ. ಇದೂ ರಿಪೇರಿಯಾಗುತ್ತದೆ. ಬಿಡಬೇಕಾದದ್ದು ಕಿಟಕಿಯ ಮೂಲೆಯಿಂದ ಓರೆಯಾಗಿ ಹೊರಟು ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ, ಒಂದು ತುದಿಯಲ್ಲಿ ಅಗಲ, ಇನ್ನೊಂದು ತುದಿಯಲ್ಲಿ ಸಣ್ಣಗಿರುವ ಬಿರುಕು. ಅದು ಪಾಯ ಕದಲಿದ ಗುರುತು. ಎರಡು ಮಿಲಿಮೀಟರಿಗಿಂತ ಅಗಲದ ಯಾವುದೇ ಬಿರುಕಿದ್ದರೂ ಎಂಜಿನಿಯರ್ ನೋಡದೆ ಮುಂದೆ ಹೋಗಬಾರದು.

ಇಲ್ಲೊಂದು ತಮಾಷೆ ಇದೆ. ಒಂದೇ ಸಾಲಿನಲ್ಲಿ ಎರಡು ಮನೆ, ಕಟ್ಟಿದವರೂ ಒಬ್ಬರೇ. ಒಂದಕ್ಕೆ ಬಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ. ಇನ್ನೊಂದು ಕಟ್ಟಿ ವರ್ಷದ ಮೇಲಾಗಿತ್ತು, ಮಾರಾಟವಾಗಿರಲಿಲ್ಲ. ಎರಡನೆಯದರ ರೇಟು ಕಡಿಮೆ ಹೇಳಿದರು, “ಸ್ವಲ್ಪ ಹಳೇದ್ ಆಗ್ಯಾದ್ರೀ” ಎಂಬ ಕಾರಣಕ್ಕೆ. ಲೆಕ್ಕ ಉಲ್ಟಾ ಇರಬೇಕಿತ್ತು. ಎರೆ ಮಣ್ಣಿನ ಮೇಲೆ ಒಂದು ಉತ್ತರಿ ಮಳೆ, ಒಂದು ಮೇ ತಿಂಗಳ ಬಿಸಿಲು ಕಂಡ ಮನೆ ಪರೀಕ್ಷೆ ಪಾಸಾದಂತೆ. ಅದಕ್ಕೆ ಮತ್ತೆ ಬಣ್ಣ ಹೊಡೆಯದೆ ಹಾಗೇ ತೋರಿಸಿದರೆ ಇನ್ನೂ ಒಳ್ಳೆಯದು, ಯಾಕೆಂದರೆ ಪುಟ್ಟಿ ಹಚ್ಚಿ ಬಣ್ಣ ಹೊಡೆದರೆ ಮೇಲೆ ಹೇಳಿದ ಬಿರುಕೆಲ್ಲ ಕೆಲ ತಿಂಗಳು ಮುಚ್ಚಿಹೋಗುತ್ತವೆ. ವರ್ಷದ ಮನೆಯೇ ಆಯ್ಕೆಯಾಯಿತು. ಅದು ಮಾರಾಟವಾಗದೆ ಉಳಿದದ್ದಕ್ಕೆ ಕಾರಣ ಗೋಡೆಯಲ್ಲಿ ಇರಲಿಲ್ಲ, ಖಾತೆಯಲ್ಲಿತ್ತು. ಅದಕ್ಕೆ ಆಮೇಲೆ ಬರುತ್ತೇನೆ.

ಮನೆ ನೋಡಲು ಹೋಗಬೇಕಾದ ಹೊತ್ತು ಮಧ್ಯಾಹ್ನ ಮೂರರ ಮೇಲೆ, ಸಾಧ್ಯವಾದರೆ ಏಪ್ರಿಲ್ ಮೇನಲ್ಲಿ. ಬೆಳಿಗ್ಗೆ ಎಲ್ಲ ಮನೆಯೂ ತಂಪು. ಪಶ್ಚಿಮದ ಗೋಡೆಗೆ ಒಳಗಿನಿಂದ ಅಂಗೈ ಇಟ್ಟು ನೋಡಿ: ನಾಲ್ಕಿಂಚಿನ ಗೋಡೆಯೋ, ಒಂಬತ್ತಿಂಚಿನದೋ ಅಂಗೈಗೇ ತಿಳಿಯುತ್ತದೆ. ಕಿಟಕಿಗೆ ಸಜ್ಜಾ ಇದೆಯೇ, ಮಾಳಿಗೆ ಮೇಲೆ ಬಿಳಿ ಟೈಲ್ಸ್ ಅಥವಾ ಬಿಸಿಲು ತಡೆಯುವ ಬಿಳಿ ಲೇಪನ ಇದೆಯೇ ನೋಡಿ. ನಲವತ್ತೆರಡು ಡಿಗ್ರಿ ದಾಟುವ ಊರಿನಲ್ಲಿ ಇವು ಸೌಖ್ಯದ ಮಾತಲ್ಲ, ಕರೆಂಟ್ ಬಿಲ್ಲಿನ ಮಾತು. ಸ್ಲ್ಯಾಬ್ ಯಾವ ತಿಂಗಳು ಹಾಕಿದ್ದು ಎಂದೂ ಕೇಳಿ. ಬಿಸಿಲಲ್ಲಿ ಹಾಕಿದ ಕಾಂಕ್ರೀಟಿಗೆ ಕನಿಷ್ಠ ಹತ್ತು ದಿನ, ಹಾರುಬೂದಿ ಬೆರೆಸಿದ ಪಿಪಿಸಿ ಸಿಮೆಂಟಾದರೆ ಹದಿನಾಲ್ಕು ದಿನ ನೀರು ನಿಲ್ಲಿಸಬೇಕು. ನೀರಿಗೇ ಟ್ಯಾಂಕರ್ ತರಿಸುವ ದಿನಗಳಲ್ಲಿ ಎಲ್ಲರೂ ಮೊದಲು ಕೈ ಬಿಗಿ ಹಿಡಿಯುವುದು ಇಲ್ಲೇ.

ಸೋರಿಕೆಗೆ ಮಾತು ನಂಬಬೇಡಿ, ನೀರು ನಿಲ್ಲಿಸಿ. ಮಾಳಿಗೆಯ ಪೈಪುಗಳಿಗೆ ಬಟ್ಟೆ ತುರುಕಿ ಎರಡು ಇಂಚು ನೀರು ತುಂಬಿ, ಒಂದು ದಿನವಾದರೂ ಬಿಟ್ಟು ಕೆಳಗಿನಿಂದ ಸೀಲಿಂಗ್ ನೋಡಿ. ಬಾತ್‌ರೂಮಿಗೂ ಅದೇ, ಮೇಲಂತಸ್ತಿನ ಬಾತ್‌ರೂಮಿನ ಕೆಳಗೆ ಹಾಲೋ ಅಡುಗೆಮನೆಯೋ ಇದ್ದರಂತೂ ಬಿಡಲೇಬೇಡಿ. ಸಂಪು ಆರು ಫೂಟು ಉದ್ದ, ಆರು ಅಗಲ, ಐದು ಆಳ ಇದ್ದರೆ ಸುಮಾರು 5,000 ಲೀಟರ್. ತುಂಬಿಸಿ, ಗೋಡೆಯ ಮೇಲೆ ಸೀಸದಕಡ್ಡಿಯಿಂದ ಗುರುತು ಹಾಕಿ, ಮುಚ್ಚಳ ಹಾಕಿ, ಮಾರನೆಯ ದಿನ ನೋಡಿ. ಎರೆ ಮಣ್ಣಿನಲ್ಲಿ ಸಂಪಿನ ಸೋರಿಕೆ ನೀರು ಹೋಗುವುದಕ್ಕೇ ನಿಲ್ಲುವುದಿಲ್ಲ. ಸೋರಿದ ನೀರು ಪಾಯದ ಒಂದು ಮೂಲೆಯ ಮಣ್ಣನ್ನಷ್ಟೇ ಉಬ್ಬಿಸುತ್ತದೆ, ಮನೆ ಆ ಕಡೆಯಿಂದ ಬಿರಿಯುತ್ತದೆ. ಮನೆಯ ಸುತ್ತ ಮೂರು ಫೂಟು ಅಗಲ ಕಾಂಕ್ರೀಟ್ ಅಥವಾ ಫರ್ಸಿ ಹಾಸಿ, ಇಳಿಜಾರು ಹೊರಗೆ ಕೊಟ್ಟಿರಬೇಕೆನ್ನುವುದೂ ಇದೇ ಕಾರಣಕ್ಕೆ.

ಫರ್ಸಿ ಎಂದಾಗ ಒಂದು ಮಾತು. ಶಹಾಬಾದ್ ಕಲ್ಲು ಸುಣ್ಣದ ಕಲ್ಲು. ಮೆಟ್ಟಿಲು, ಪಾರ್ಕಿಂಗಿನ ಫರ್ಸಿಯ ಮೇಲಿನ ಸಿಮೆಂಟು ಕಲೆ ತೆಗೆಯಲು ಕೆಲಸದವರು ಆಸಿಡ್ ಸುರಿಯುತ್ತಾರೆ; ಕಲ್ಲು ಬುರುಗೆದ್ದು ಮೇಲಿನ ಹೊಳಪು ಹೋಗಿಬಿಡುತ್ತದೆ. ಮನೆ ಕೈಗೆ ಕೊಡುವ ಮುಂಚೆ ತೊಳೆಸುತ್ತೇವೆ ಎಂದರೆ, ಆಸಿಡ್ ಬೇಡ ಎಂದು ಮೊದಲೇ ಹೇಳಿ. ಒಳಗಿನ ವಿಟ್ರಿಫೈಡ್ ಟೈಲ್ಸನ್ನು ನಾಣ್ಯದಿಂದ ಬಡಿದು ನೋಡಿ, ಡಬ್ ಡಬ್ ಅಂದಲ್ಲಿ ಕೆಳಗೆ ಪೊಳ್ಳು.

ವೈರಿಂಗಿನಲ್ಲಿ ನೋಡುವುದು ಮೂರೇ: ಲೈಟಿಗೆ 1.5, ಎಸಿ ಮತ್ತು ಗೀಸರಿಗೆ 4 ಚದರ ಮಿ.ಮೀ. ತಂತಿ, ಡಿಬಿಯಲ್ಲಿ (ಮನೆಯ ಮೇನ್ ಸ್ವಿಚ್ ಪೆಟ್ಟಿಗೆಯಲ್ಲಿ) 30 ಮಿಲಿಆಂಪಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಕಡಿಯುವ ಸ್ವಿಚ್), ಮತ್ತು ಅರ್ಥಿಂಗ್. ಬೇಸಿಗೆಯಲ್ಲಿ ಎರೆ ಮಣ್ಣು ಅರ್ಥಿಂಗ್ ಪೈಪಿನಿಂದ ಬಿಟ್ಟು ನಿಲ್ಲುತ್ತದೆ, ಆದ್ದರಿಂದ ಗುಂಡಿಗೆ ನೀರು ಹಾಕಲು ಬಾಯಿ ಇರಲೇಬೇಕು.

ಇನ್ನು ಕಾಗದ. ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ 2004ರಿಂದ ಈಚಿನ ಇಸಿ (ಋಣಭಾರ ಪ್ರಮಾಣಪತ್ರ) ಮನೆಯಲ್ಲೇ ಕೂತು ತೆಗೆಯಬಹುದು. ಬ್ಯಾಂಕಿನ ವಕೀಲರು ಸಾಮಾನ್ಯವಾಗಿ ಅದಕ್ಕಿಂತ ಹಿಂದಿನದನ್ನೂ ಕೇಳುತ್ತಾರೆ, ಅದಕ್ಕೆ ಉಪನೋಂದಣಿ ಕಚೇರಿಗೇ ಹೋಗಬೇಕು. ವ್ಯವಹಾರ ನಡೆದಿದ್ದರೆ ನಮೂನೆ 15, ಏನೂ ಇಲ್ಲದಿದ್ದರೆ 16. ಕಟ್ಟಿದವರು ಪ್ಲಾಟು ಒತ್ತೆ ಇಟ್ಟು ಸಾಲ ತೆಗೆದು ಕಟ್ಟಿರುವುದು ಸಾಮಾನ್ಯ. ಅದು ನಮೂನೆ 15ರಲ್ಲಿ ಕಂಡರೆ, ತೀರಿಸಿದ್ದಕ್ಕೆ ರದ್ದತಿ ನಮೂದೂ ಅಲ್ಲೇ ಕಾಣಬೇಕು. ಪರವಾನಿಗೆಯ ನಕ್ಷೆಯನ್ನು ಕೈಯಲ್ಲಿ ಹಿಡಿದು ಟೇಪು ತೆಗೆದುಕೊಂಡು ಮನೆ ಸುತ್ತಿ: ಬಿಡಬೇಕಾದ ಜಾಗ ಬಿಟ್ಟಿದ್ದಾರೆಯೇ, ನಕ್ಷೆಯಲ್ಲಿರುವಷ್ಟೇ ಅಂತಸ್ತು ಕಟ್ಟಿದ್ದಾರೆಯೇ. ಮುಂದೆ ಮೇಲೆ ಕಟ್ಟುವ ಆಸೆ ಇದ್ದರೆ ಕಾಲಮ್ಮಿನ ಡಿಸೈನ್ ಎಷ್ಟು ಅಂತಸ್ತಿಗೆ ಎಂಬ ಸ್ಟ್ರಕ್ಚರಲ್ ಡ್ರಾಯಿಂಗ್ ಈಗಲೇ ಇಸಿದುಕೊಳ್ಳಿ. ಹಳೇ ಮನೆಯಲ್ಲಿ ಇದು ಕನಸಿನ ಮಾತು.

ನಮ್ಮನ್ನು ನಿಲ್ಲಿಸಿದ್ದು ಇ-ಖಾತೆ, ಅಂದರೆ ಪಾಲಿಕೆಯ ಆನ್‌ಲೈನ್ ಆಸ್ತಿ ದಾಖಲೆ. 2024ರ ಅಕ್ಟೋಬರಿನಿಂದ ನಗರದ ಆಸ್ತಿಗಳ ನೋಂದಣಿಗೆ ಇ-ಖಾತೆ ಕಡ್ಡಾಯ. ಮಾರುವವರ ಬಳಿ ಅದು ಇತ್ತು, ಆದರೆ ಅದರಲ್ಲಿ ಇದ್ದದ್ದು ‘ಖಾಲಿ ನಿವೇಶನ’. ಮನೆ ಎದ್ದು ನಿಂತಿದೆ, ದಾಖಲೆಯಲ್ಲಿ ಬಯಲು! ಕಟ್ಟಡ ಸೇರಿಸಿದರೆ ತೆರಿಗೆ ಹೆಚ್ಚುತ್ತದೆಂದು ಮಾರಾಟದವರೆಗೆ ಹಾಗೇ ಬಿಡುವುದು ಬಹಳ ಕಡೆ ಇದೆ. ಖಾಲಿ ನಿವೇಶನದ ಖಾತೆಯ ಮೇಲೆ ಮನೆಗೆ ಸಾಲ ಕೊಡಲು ಬ್ಯಾಂಕು ಒಪ್ಪುವುದಿಲ್ಲ, ಖರೀದಿ ಪತ್ರದಲ್ಲಿ ಮನೆ ಎಂದು ಬರೆದರೆ ದಾಖಲೆಗೆ ತಾಳೆಯಾಗುವುದಿಲ್ಲ. ಹಿಂದೆ ಬಂದ ಗಿರಾಕಿಗಳು ಇಲ್ಲಿಂದಲೇ ವಾಪಸ್ ಹೋಗಿದ್ದರು. ಪರಿಹಾರವೇನೋ ಇದೆ: ಮಾರುವವರು ಪರವಾನಿಗೆ, ನಕ್ಷೆ, ಕಟ್ಟಡದ ಫೋಟೊ, ಬಾಕಿ ತೆರಿಗೆಯ ರಸೀದಿ ಕೊಟ್ಟು ಪಾಲಿಕೆಯಲ್ಲಿ ಕಟ್ಟಡದ ವಿವರ ಸೇರಿಸಬೇಕು, ಸ್ಥಳ ಪರಿಶೀಲನೆ ಆಗಬೇಕು. ಅದು ಕಾಯುವ ಕೆಲಸ. ಇವತ್ತು ಆಗುತ್ತದೆ, ಸೋಮವಾರ ಆಗುತ್ತದೆ ಎನ್ನುತ್ತ ದಿನ ಹೋಗುತ್ತವೆ. ಇತ್ತ ಬಾಡಿಗೆ ಮನೆಯವರಿಗೆ ತಿಂಗಳು ಹೇಳಿ ಆಗಿರುತ್ತದೆ. ಎಲ್ಲಕ್ಕಿಂತ ಹೆಚ್ಚು ಬೇಸರ ಬಂದದ್ದು ಈ ಹಂತದಲ್ಲಿ. ಅದು ಮುಗಿಯುತ್ತಿದ್ದಂತೆ ಇನ್ನೊಂದು ತೊಡಕು: ಇ-ಖಾತೆಯ ಹೆಸರಿನಲ್ಲಿ ಇನಿಷಿಯಲ್, ಆಧಾರಿನಲ್ಲಿ ತಂದೆಯ ಪೂರ್ತಿ ಹೆಸರು. ಅದನ್ನೂ ಸರಿ ಮಾಡಿಸಬೇಕಾಯಿತು. ಹೆಸರು, ಪ್ಲಾಟಿನ ಅಳತೆ, ನಾಲ್ಕು ದಿಕ್ಕಿನ ಚಕ್ಕುಬಂದಿ, ಇವು ಇ-ಖಾತೆ, ಹಿಂದಿನ ಖರೀದಿ ಪತ್ರ, ಲೇಔಟ್ ನಕ್ಷೆ ಮೂರರಲ್ಲೂ ಒಂದೇ ಇವೆಯೇ ಎಂದು ಇಸಾರ (ಮುಂಗಡ) ಕೊಡುವ ಮುಂಚೆ ಎದುರು ಬದುರು ಇಟ್ಟು ನೋಡಿ.

ಖಾತೆ ‘ಎ’ಯೋ ‘ಬಿ’ಯೋ ಎಂಬುದೂ ಮುಖ್ಯ. ಅನುಮೋದನೆಯಿಲ್ಲದ ಬಡಾವಣೆಗಳ ಆಸ್ತಿಗಳಿಗೂ 2025ರ ಫೆಬ್ರವರಿಯಿಂದ ಬಿ ಖಾತೆ ಕೊಡುತ್ತಿದ್ದಾರೆ. ತೆರಿಗೆ ಕಟ್ಟಲು ಅದು ಸಾಕು, ಬಹಳಷ್ಟು ಬ್ಯಾಂಕುಗಳ ಸಾಲಕ್ಕೆ ಸಾಲದು. ಹೊಸ ಮನೆ ಅಕ್ಕಪಕ್ಕಕ್ಕಿಂತ ಐದಾರು ಲಕ್ಷ ಅಗ್ಗಕ್ಕೆ ಸಿಗುತ್ತಿದೆ ಎಂದರೆ ಮೊದಲು ನೋಡಬೇಕಾದದ್ದು ಅದು.

ಇಸಾರ ಪತ್ರದಲ್ಲಿ ಬರೆಸಬೇಕಾದವು: ಖಾತೆ ಸರಿಯಾಗದಿದ್ದರೆ ಮುಂಗಡ ಪೂರ್ತಿ ವಾಪಸ್, ನೋಂದಣಿಗೆ ಮೊದಲು ಮುಗಿಸಬೇಕಾದ ಕೆಲಸಗಳ ಪಟ್ಟಿ, ನೋಂದಣಿಯಾದ ಮೇಲೆ ಒಂದು ಮಳೆಗಾಲ ಮುಗಿಯುವವರೆಗೆ ಸೋರಿಕೆ, ಬಿರುಕು ಬಂದರೆ ಕಟ್ಟಿದವರ ಖರ್ಚಿನಲ್ಲೇ ರಿಪೇರಿ. ಕೊನೆಯದಕ್ಕೆ ಕಟ್ಟಿದವರು ಮುಖ ಗಂಟು ಹಾಕಿದರೂ ಬಿಡಬೇಡಿ. ಮನೆ ಕೊಳ್ಳುವವರ ರಕ್ಷಣೆಗೆ ಇರುವ ರೇರಾ ಕಾಯ್ದೆಯಲ್ಲಿ ಕಟ್ಟಡದ ದೋಷಕ್ಕೆ ಐದು ವರ್ಷದ ಹೊಣೆ ಇದೆ, ಹೇಳಿದ 30 ದಿನದೊಳಗೆ ಪುಕ್ಕಟೆ ಸರಿಪಡಿಸಬೇಕು. ಆದರೆ ರೇರಾ ನೋಂದಣಿ ಬೇಕಾಗುವುದು 500 ಚದರ ಮೀಟರಿಗಿಂತ ದೊಡ್ಡ ಜಾಗ ಅಥವಾ ಎಂಟಕ್ಕಿಂತ ಹೆಚ್ಚು ಮನೆಗಳ ಯೋಜನೆಗೆ. 30×40ರ ಒಂದೊಂದೇ ಪ್ಲಾಟಿನಲ್ಲಿ ಕಟ್ಟಿ ಮಾರುವವರ ಮನೆ ಅದರ ಹೊರಗೆ ಉಳಿಯುತ್ತದೆ, ಹಾಗಾಗಿ ಕಾಗದದಲ್ಲಿ ಬರೆಸಿದ್ದೇ ಆಧಾರ. ಮುಂಗಡವನ್ನು ಚೆಕ್ಕಿನಲ್ಲೋ ಬ್ಯಾಂಕ್ ವರ್ಗಾವಣೆಯಲ್ಲೋ ಕೊಡಿ. ಆಸ್ತಿ ಮಾರಾಟದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆದವರಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು.

ಹಣದ ಲೆಕ್ಕ ಉದಾಹರಣೆಯಿಂದ ಹೇಳುತ್ತೇನೆ. ಮನೆಯ ಬೆಲೆ 48 ಲಕ್ಷ ಎನ್ನಿ. ಮುದ್ರಾಂಕ ಶುಲ್ಕ ಶೇ 5, ಅಂದರೆ 2,40,000. ಅದರ ಮೇಲೆ ಶೇ 10 ಸೆಸ್ 24,000, ನಗರದಲ್ಲಿ ಶೇ 2 ಸರ್‌ಚಾರ್ಜ್ 4,800. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1 ಇದ್ದದ್ದು 2 ಆಗಿದೆ, 96,000. ಒಟ್ಟು 3,64,800. ಸರ್ಕಾರದ ಮಾರ್ಗಸೂಚಿ ಬೆಲೆ ಇದಕ್ಕಿಂತ ಹೆಚ್ಚಿದ್ದರೆ ಶುಲ್ಕ ಅದರ ಮೇಲೆ. ಸಾಲ 30ರಿಂದ 75 ಲಕ್ಷದ ನಡುವೆ ಇದ್ದರೆ ಬ್ಯಾಂಕು ಮನೆಯ ಬೆಲೆಯ ಶೇ 80ರವರೆಗೆ ಕೊಡಬಹುದು, ನೋಂದಣಿ ಖರ್ಚು ಈ ಲೆಕ್ಕಕ್ಕೆ ಸೇರುವುದಿಲ್ಲ. ಅಂದರೆ 38.4 ಲಕ್ಷ ಸಾಲ ಸಿಕ್ಕರೂ ಕೈಯಿಂದ 13 ಲಕ್ಷ 25 ಸಾವಿರದಷ್ಟು ಹೊಂದಿಸಬೇಕು. ವಕೀಲರ ಫೀಸು, ವ್ಯಾಲ್ಯುಯೇಷನ್, ಪ್ರೊಸೆಸಿಂಗ್ ಫೀಸು, ಪತ್ರ ಬರೆಯುವವರ ಖರ್ಚು ಬೇರೆ. ಬೆಲೆ 50 ಲಕ್ಷ ಮುಟ್ಟಿದರೆ ಕೊಳ್ಳುವವರೇ ಶೇ 1 ಟಿಡಿಎಸ್ (ಮೂಲದಲ್ಲೇ ಕಡಿತವಾಗುವ ತೆರಿಗೆ) ಹಿಡಿದು ಕಟ್ಟಬೇಕು. ಪೂರ್ಣಗೊಂಡ ಪ್ರಮಾಣಪತ್ರ ಸಿಕ್ಕಮೇಲೆ ಕೊಂಡ ಮನೆಗೆ ಜಿಎಸ್‌ಟಿ ಇಲ್ಲ. ಕಟ್ಟುತ್ತಿರುವಾಗಲೇ ಫ್ಲ್ಯಾಟ್ ಬುಕ್ ಮಾಡಿದರೆ ಶೇ 5, ಕೈಗೆಟಕುವ ದರದ ವರ್ಗಕ್ಕೆ ಸೇರಿದರೆ ಶೇ 1.

ಸಾಲದ ವಿಷಯದಲ್ಲಿ ಹೊಸ ಮನೆಗೆ ಸುಲಭ. ಹಳೇ ಕಟ್ಟಡವಾದರೆ ಇನ್ನೆಷ್ಟು ವರ್ಷ ಬಾಳುತ್ತದೆಂದು ಎಣಿಸಿ ಮೌಲ್ಯ, ಸಾಲದ ಅವಧಿ ಎರಡನ್ನೂ ತಗ್ಗಿಸುತ್ತಾರೆ. ಇಲ್ಲಿ ಆ ಚರ್ಚೆಯೇ ಬರಲಿಲ್ಲ.

ನೋಂದಣಿ ಈಗ ಮೊದಲಿನಷ್ಟು ಗದ್ದಲವಲ್ಲ. ಕರಡು ಪತ್ರ ಕಾವೇರಿಗೆ ಏರಿಸಬೇಕು, ಕಚೇರಿಯವರು ನೋಡಿ ಒಪ್ಪಿದ ಮೇಲೆ ಶುಲ್ಕ ಕಟ್ಟಿ ಸಮಯ ಕಾಯ್ದಿರಿಸಬೇಕು. ಆ ದಿನ ಎರಡೂ ಕಡೆಯವರು, ಇಬ್ಬರು ಸಾಕ್ಷಿಗಳು ಆಧಾರ್ ಸಮೇತ ಹಾಜರಿರಬೇಕು, ಫೋಟೊ, ಹೆಬ್ಬೆಟ್ಟು. ಸರ್ವರ್ ನಿಂತರೆ ಇಡೀ ದಿನ ಬೆಂಚಿನ ಮೇಲೆ. ವಯಸ್ಸಾದ ಸಾಕ್ಷಿಗಳ ಬೆರಳಚ್ಚು ಯಂತ್ರ ಹಿಡಿಯದೆ ತಡವಾಗುವುದುಂಟು. ಬ್ಯಾಂಕಿನ ಡಿಡಿ ನಂಬರು ಪತ್ರದಲ್ಲಿ ಬರೆದಿರುತ್ತದೆ, ಡಿಡಿಗೆ ಮೂರು ತಿಂಗಳ ಆಯುಷ್ಯ, ದಿನ ಮುಂದೆ ಹೋದರೆ ಗಾಬರಿ ಬೇಡ. ಡಿಡಿ ಮಾರುವವರ ಕೈಗೆ ಹೋಗುವ ಮುಂಚೆ ಮೂಲ ಕಾಗದಗಳ ಕಟ್ಟು, ಎಲ್ಲ ಬಾಗಿಲಿನ ಚಾವಿ ನಿಮ್ಮ ಕೈಗೆ ಬರಲಿ.

ಚಾವಿ ಬಂದ ಮೇಲೆ ಕೆಲಸ ಇನ್ನೂ ಇದೆ. ಖಾತೆ ಬದಲಾವಣೆಯ ಮಾಹಿತಿ ನೋಂದಣಿಯಿಂದಲೇ ಪಾಲಿಕೆಗೆ ಹೋಗುತ್ತದೆ, ಆದರೂ ಹೆಸರು ಬಂದಿತೇ ಎಂದು ಬೆನ್ನು ಹತ್ತಬೇಕು. ಜೆಸ್ಕಾಂ (ವಿದ್ಯುತ್ ಕಂಪನಿ) ಮೀಟರು ಕಟ್ಟಡ ಕಟ್ಟುವಾಗಿನ ತಾತ್ಕಾಲಿಕ ಸಂಪರ್ಕವೋ ಕಾಯಂ ಗೃಹ ಸಂಪರ್ಕವೋ ಎಂಬುದನ್ನು ಮಾತ್ರ ಚಾವಿ ಪಡೆಯುವ ಮುಂಚೆಯೇ, ಹಳೇ ಬಿಲ್ಲು ಕೇಳಿ ಖಚಿತಪಡಿಸಿಕೊಂಡಿರಬೇಕು. ತಾತ್ಕಾಲಿಕದ ದರ ಹೆಚ್ಚು. ಕಟ್ಟಡ ಮುಗಿದ ಪ್ರಮಾಣಪತ್ರ ನೋಡಿಯೇ ಸಂಪರ್ಕ ಕೊಡಬೇಕೆಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರಿನಲ್ಲಿ ಹೇಳಿದೆ, ಆದ್ದರಿಂದ ಕಾಯಂ ಮಾಡಿಸುವ ಹೊಣೆ ಮಾರುವವರದೇ ಎಂದು ಇಸಾರದಲ್ಲೇ ಸೇರಿಸಿ. ಆರ್‌ಆರ್ ನಂಬರು (ವಿದ್ಯುತ್ ಸಂಪರ್ಕದ ಸಂಖ್ಯೆ) ನಿಮ್ಮ ಹೆಸರಿಗೆ ಮಾಡಿಸಿಕೊಂಡು ಗೃಹಜ್ಯೋತಿಗೆ ಅರ್ಜಿ ಹಾಕಿ. ಪಾಲಿಕೆಯ ನಳ ಮನೆಯವರೆಗೆ ಬಂದಿದೆಯೋ ಬರೀ ಬೋರಿನ ಮೇಲೆ ಇದೆಯೋ ನೋಡಿ. ಬೋರಿನ ಗಡಸು ನೀರಾದರೆ ಗೀಸರ್, ನಲ್ಲಿಗಳಿಗೆ ಬಿಳಿ ಉಪ್ಪು ಕಟ್ಟುತ್ತದೆ.

ಇನ್ನು ಗೌಂಡಿ, ಪ್ಲಂಬರ್, ವೈರಮನ್ ಮೂವರ ಫೋನ್ ನಂಬರು ಬರೆದುಕೊಳ್ಳಿ. ಗೃಹಪ್ರವೇಶಕ್ಕೆ ಅವರನ್ನು ಕರೆಯುವುದು ನಮ್ಮ ಕಡೆಯ ಪದ್ಧತಿಯೂ ಹೌದು. ಊಟ ಆದ ಮೇಲೆ ಅವರನ್ನು ಜೊತೆಗಿಟ್ಟುಕೊಂಡು ಗೋಡೆಯೊಳಗೆ ಪೈಪು, ವೈರು ಎಲ್ಲಿಂದ ಎಲ್ಲಿಗೆ ಹೋಗಿವೆ ಎಂದು ಕೇಳಿ, ಸುಣ್ಣದ ಕಡ್ಡಿಯಿಂದ ಗೆರೆ ಎಳೆಸಿ, ಒಂದೊಂದು ಗೋಡೆಯ ಫೋಟೊ ತೆಗೆದಿಟ್ಟುಕೊಳ್ಳಿ. ಟಿವಿ, ಶೋಕೇಸು ಕೂಡಿಸಲು ಬರುವವರು ಡ್ರಿಲ್ ಹಚ್ಚುವ ಮುಂಚೆ ಆ ಫೋಟೊ ತೋರಿಸಿದರಾಯಿತು.